ಅತ್ತೆಯ ದಾರ, ಕುದುರೆಯ ಕತ್ತು

ನಮ್ಮತ್ತೆಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಅವರ ಅಂಗಿ ನೆನಪಿರುತ್ತದೆ. ದಾರಿಯಲ್ಲಿ ಯಾರಾದರೂ ನಿಲ್ಲಿಸಿ ಮಾತಾಡಿಸಿದರೆ ಮೊದಲು ಕಾಲರ್ ನೋಡುತ್ತಾಳೆ, ಆಮೇಲೆ ತೋಳು ನೋಡುತ್ತಾಳೆ, ಕೊನೆಗೆ "ಓ, ನೀವಾ! ಬಲಗೈ ಗುಂಡಿ ಇನ್ನೂ ಹೊಲಿಸ್ಕೊಂಡಿಲ್ವಲ್ಲ" ಎನ್ನುತ್ತಾಳೆ. ಹೊಸ ಅಂಗಿ ಹಾಕಿಕೊಂಡು ಬಂದವರು ಅವಳ ಪಾಲಿಗೆ ಅಪರಿಚಿತರೇ. ಒಮ್ಮೆ ನಮ್ಮಪ್ಪನನ್ನೇ, ಅಂದರೆ ತನ್ನ ಸ್ವಂತ ತಮ್ಮನನ್ನೇ, ಬಸ್ ನಿಲ್ದಾಣದಲ್ಲಿ ಗುರುತಿಸದೆ ಮುಂದೆ ಹೋಗಿದ್ದಳು. ಅಪ್ಪ ಅದನ್ನು ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾನೆ.

ಹದಿನೇಳನೆಯ ವಯಸ್ಸಿಗೆ ಅತ್ತೆ ದೊಡ್ಡ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳಂತೆ. ಹನ್ನೆರಡು ವರ್ಷ ಬಿಳಿ ಹಾಸುಗಳನ್ನು ಬಿಸಿ ಉರುಳೆಗಳ ನಡುವೆ ತೂರಿಸಿ, ಆಚೆಯಿಂದ ಎಳೆದು ಮಡಚಿದ್ದೇ ಕೆಲಸ. ಬಿಟ್ಟಿದ್ದು ಯಾಕೆ ಅಂದರೆ, "ಒಂದೇ ಬಣ್ಣ, ಒಂದೇ ಅಳತೆ, ಜೇಬಂತೂ ಇಲ್ಲವೇ ಇಲ್ಲ. ಜೇಬಿಲ್ಲದ ಬಟ್ಟೆ ಜೊತೆ ಎಷ್ಟು ವರ್ಷ ಸಂಸಾರ ಮಾಡೋದು?" ಎನ್ನುತ್ತಾಳೆ. ಮನುಷ್ಯರ ಜೊತೆಗಂತೂ ಅವಳು ಸಂಸಾರ ಮಾಡಲೇ ಇಲ್ಲ. ಅದನ್ನು ಯಾರಾದರೂ ಕೆದಕಿದರೆ, ಸುಕ್ಕಿಲ್ಲದ ಗಂಡು ಸಿಗಲಿಲ್ಲ ಎಂದು ಹೇಳಿ ಇಸ್ತ್ರಿಪೆಟ್ಟಿಗೆಯನ್ನು ಸ್ವಲ್ಪ ಜೋರಾಗಿಯೇ ಕುಕ್ಕುತ್ತಾಳೆ.

ಆಸ್ಪತ್ರೆ ಬಿಟ್ಟ ಮೇಲೆ ನಮ್ಮ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿಯಾಯಿತು. ಬಾಗಿಲಿಗೆ ಅಡ್ಡವಾಗಿ ಉದ್ದನೆಯ ಮೇಜು, ಅದರ ಮೇಲೆ ಎರಡು ಪದರ ಕಂಬಳಿ, ಕಂಬಳಿಯ ಮೇಲೆ ಬಿಳಿ ಬಟ್ಟೆ, ಬಿಳಿ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆಯ ಆಕಾರದ ಒಂದು ಕಂದು ಕಲೆ. ಆ ಕಲೆ ನಾನು ಹುಟ್ಟಿದ ದಿನದ್ದು. ಸುದ್ದಿ ಬಂದಾಗ ಅತ್ತೆ ಪೆಟ್ಟಿಗೆ ಎತ್ತುವುದನ್ನು ಮರೆತು ಆಸ್ಪತ್ರೆಗೆ ಓಡಿದಳಂತೆ. ಅಪ್ಪ ಅಮ್ಮ ಇಬ್ಬರೂ ಬಿಸ್ಕತ್ತು ಕಾರ್ಖಾನೆಯಲ್ಲಿ ಪಾಳಿಯ ಕೆಲಸದವರು. ಹಾಗಾಗಿ ನಾನು ಬೆಳೆದದ್ದು ಆ ಮೇಜಿನ ಕೆಳಗೆ, ಆಮೇಲೆ ಪಕ್ಕದಲ್ಲಿ. ಅತ್ತೆ ನನಗಿಟ್ಟ ಹೆಸರು ಮೊಂಡಿ. ಹೆಸರಿಗೆ ನಾನು ಒಂದು ದಿನವೂ ಮೋಸ ಮಾಡಲಿಲ್ಲ.

ಅಂಗಡಿಗೆ ಬರುವ ಪ್ರತಿಯೊಂದು ಮನೆಗೂ ಅತ್ತೆ ಒಂದೊಂದು ಬಣ್ಣದ ದಾರ ಗೊತ್ತುಮಾಡಿದ್ದಳು. ಕಾಲರಿನ ಒಳಗೋ ಸೊಂಟಪಟ್ಟಿಯ ಒಳಗೋ ಎರಡು ಸಣ್ಣ ಹೊಲಿಗೆ. ಬೇಕರಿಯವರದು ಕೆಂಪು, ಬ್ಯಾಂಕಿನ ಅಜ್ಜನದು ಹಳದಿ, ಮೂಲೆಮನೆಯವರದು ಹಸಿರು. ನಮ್ಮ ಮನೆಯ ಬಟ್ಟೆಗೆ ಮಾತ್ರ ದಾರವಿಲ್ಲ. ಗುರುತಿಲ್ಲದ್ದು ನಮ್ಮನೇದು, ಅಷ್ಟೇ. ಭಾನುವಾರಗಳಂದು ನಾನು ಬಟ್ಟೆ ವಿಂಗಡಿಸಿ ಜೇಬು ತಡಕಿ ಕೊಡುತ್ತಿದ್ದೆ. ಅದಕ್ಕೆ ಮೂರು ಕಟ್ಟಳೆಗಳಿದ್ದವು. ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟಬಾರದು. ಕಡು ನೀಲಿಯನ್ನೂ ಕಪ್ಪನ್ನೂ ಟ್ಯೂಬ್‌ಲೈಟಿನ ಕೆಳಗೆ ನಂಬಬಾರದು, ಬಾಗಿಲಿಗೆ ಒಯ್ದು ಹಗಲು ಬೆಳಕಿನಲ್ಲೇ ನೋಡಬೇಕು. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಜೇಬಿನಲ್ಲಿ ಏನೇ ಸಿಕ್ಕಲಿ, ನೋಡಬಾರದು, ಓದಬಾರದು. ಪೊಟ್ಟಣ ಕಟ್ಟಿ, ಆ ಮನೆಯ ದಾರ ಸುತ್ತಿ ತಗಡಿನ ಡಬ್ಬಿಗೆ ಹಾಕಬೇಕು. ಬಾಚಣಿಗೆ, ಬಸ್ ಟಿಕೆಟ್, ಒಮ್ಮೆ ಯಾರದೋ ಹಲ್ಲಿನ ಸೆಟ್ಟು, ಎಲ್ಲವೂ ಆ ಡಬ್ಬಿಯಿಂದ ಮರ್ಯಾದೆಯಾಗಿ ಮನೆ ಸೇರಿವೆ. ಇಪ್ಪತ್ತು ವರ್ಷದಲ್ಲಿ ಒಂದೂ ಕಳೆದಿಲ್ಲ ಎಂಬುದು ಅತ್ತೆಯ ಏಕೈಕ ಜಂಬ.

ಈಗ ನನ್ನ ಗೆಳತಿಯ ವಿಷಯ. ಅವಳು ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಅದಕ್ಕೇ ಎಲ್ಲರೂ ಅವಳನ್ನು ಗಿರಗಿಟ್ಲೆ ಎಂದೇ ಕರೆಯುತ್ತಿದ್ದರು. ಅವಳೂ ಅವಳ ಅಮ್ಮನೂ ನಮ್ಮ ಹಿಂದಿನ ಬೀದಿಯಲ್ಲಿದ್ದರು. ಅಮ್ಮ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಬಿಳಿ ಕೋಟು ಹಾಕಿಕೊಂಡು ಕೆಲಸ ಮಾಡುವವರು. ಅವರ ಮನೆಯ ದಾರ ಕಡು ನೀಲಿ. ನಮ್ಮಿಬ್ಬರ ನಡುವೆ ಒಂದೇ ಬೆಂಚು, ಒಂದೇ ಕೊಡೆ, ಮತ್ತು ಆ ವರ್ಷ ಒಂದೇ ಕುದುರೆ.

ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲಿ ರಾಜನಿಗೊಂದು ಕುದುರೆ ಬೇಕಿತ್ತು. ಮುಂದಿನ ಕಾಲುಗಳು ಗಿರಗಿಟ್ಲೆ, ಹಿಂದಿನ ಕಾಲುಗಳು ನಾನು. ನಾಟಕದ ಟೀಚರು ನನ್ನ ಸ್ವಭಾವ ನೋಡಿಯೇ ಒದೆಯುವ ಕಡೆ ಹಾಕಿದ್ದು ಎಂದು ಗಿರಗಿಟ್ಲೆ ಊರೆಲ್ಲ ಸಾರಿದಳು. ಮೂರು ವರ್ಷದಿಂದ ಯಾರೂ ಕೇಳಿಕೊಂಡು ಬರದ ಒಂದು ಕಂದು ಕಂಬಳಿಯಿಂದ ಅತ್ತೆ ಕುದುರೆಯ ಮೈ ಹೊಲಿದಳು. ಕತ್ತಿಗೆ ಹಳೆ ಪೇಪರ್ ತುರುಕುವ ಕೆಲಸ ನನ್ನದಾಗಿತ್ತು.

ನಾಟಕಕ್ಕೆ ಆರು ದಿನ ಇರುವಾಗ, ಭಾನುವಾರ ಸಂಜೆ, ಒಂದು ಬಿಳಿ ಕೋಟಿನ ಜೇಬಿನಲ್ಲಿ ನನಗೊಂದು ಕಾಗದ ಸಿಕ್ಕಿತು. ಕಾಲರಿನ ಒಳಗೆ ಎರಡು ಹೊಲಿಗೆ. ಟ್ಯೂಬ್‌ಲೈಟ್ ಹಾಕಿಯಾಗಿತ್ತು, ಬಾಗಿಲಿನ ತನಕ ಹೋಗಲು ನನಗೆ ಸೋಮಾರಿತನ. ನೀಲಿಯೇ, ಗಿರಗಿಟ್ಲೆಯ ಅಮ್ಮನದೇ, ಎಂದುಕೊಂಡೆ. ಮಡಚಿದ್ದ ಕಾಗದ ತಾನಾಗಿ ಬಿಚ್ಚಿಕೊಂಡಿತು ಎಂದು ಹೇಳಬಹುದಿತ್ತು, ಆದರೆ ನಿಜ ಹೇಳುತ್ತೇನೆ, ಬಿಚ್ಚಿದ್ದು ನಾನೇ. ಗೆಳತಿಯ ಮನೆಯದಲ್ಲವೇ, ಹೊರಗಿನವರದೇನಲ್ಲವಲ್ಲ ಎಂಬ ಸಮಾಧಾನ ಬೇರೆ. ಮೇಲಿನ ಅರ್ಧದ ಮೇಲೆ ಏನೋ ನೀಲಿ ದ್ರವ ಚೆಲ್ಲಿ ಹೆಸರು ವಿಳಾಸವೆಲ್ಲ ಕಲಸಿಹೋಗಿತ್ತು. ಕೆಳಗಿನ ಅರ್ಧ ಮಾತ್ರ ಸ್ಪಷ್ಟವಾಗಿತ್ತು: "ತಮ್ಮ ಕೋರಿಕೆಯಂತೆ ವರ್ಗಾವಣೆ ಮಂಜೂರಾಗಿದೆ. ಮುಂದಿನ ತಿಂಗಳ ಒಂದನೇ ತಾರೀಖಿನೊಳಗೆ ಹೊಸ ಸ್ಥಳದಲ್ಲಿ ಹಾಜರಾಗತಕ್ಕದ್ದು."

ಗಿರಗಿಟ್ಲೆ ಹೊರಟುಹೋಗುತ್ತಾಳೆ. ಅದೂ ಅವರಾಗಿ ಕೇಳಿಕೊಂಡು! ನನಗೆ ಒಂದು ಮಾತೂ ಹೇಳದೆ! ಅವಳನ್ನೇ ಕೇಳೋಣವೆಂದರೆ ಜೇಬಿನ ಕಾಗದ ಓದಿದ್ದನ್ನು ಒಪ್ಪಿಕೊಳ್ಳಬೇಕು, ಅದು ಅತ್ತೆಯ ಕಿವಿಗೆ ಬಿದ್ದರೆ ಮುಗಿಯಿತು. ಕಾಗದ ವಾಪಸ್ ಹೋಗದಿದ್ದರೆ ಅವಳೂ ಹೋಗುವುದಿಲ್ಲ ಎಂದು ಹನ್ನೊಂದು ವರ್ಷದ ನನ್ನ ತಲೆಗೆ ಹೊಳೆಯಿತು. ಕಾಗದವನ್ನು ಸಣ್ಣಗೆ ಮಡಚಿ, ಕುದುರೆಯ ಕತ್ತಿನೊಳಗೆ, ಹಳೆ ಪೇಪರುಗಳ ನಡುವೆ ತುರುಕಿದೆ. ಮರುದಿನ ಮಧ್ಯಾಹ್ನ ಶಾಲೆಯಿಂದ ಬರುವಷ್ಟರಲ್ಲಿ ಅತ್ತೆ ಕತ್ತನ್ನು ಹೊಲಿದು ಮುಚ್ಚಿ, ಉಣ್ಣೆಯ ಕೇಸರವನ್ನೂ ಅಂಟಿಸಿಬಿಟ್ಟಿದ್ದಳು.

ಆದರೂ ನನ್ನ ಉಪಾಯದ ಮೇಲೆ ನನಗೇ ನಂಬಿಕೆ ಇರಲಿಲ್ಲ. ಇದ್ದಿದ್ದರೆ ನಾನು ಅವಳ ಜೊತೆ ಟೂ ಬಿಡುತ್ತಿರಲಿಲ್ಲ. ಅವಳು ನನ್ನನ್ನು ಬಿಟ್ಟು ಹೋಗುವ ಮೊದಲು ನಾನೇ ಅವಳನ್ನು ಬಿಟ್ಟರೆ ನೋವಾಗುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ಸೋಮವಾರ ಮೂಲೆಯಲ್ಲಿ ಅವಳಿಗಾಗಿ ಕಾಯಲಿಲ್ಲ. ಬೆಂಚು ಬದಲಾಯಿಸಿದೆ. ಕೊಡೆಯನ್ನು ಅವಳ ಚೀಲದ ಮೇಲಿಟ್ಟು "ಇನ್ನು ನಿನ್ನದೇ" ಎಂಬ ಚೀಟಿ ಸಿಕ್ಕಿಸಿದೆ. ಮನಸ್ಸು ಗಟ್ಟಿಯಾಗಲೆಂದು ಅವಳ ತಪ್ಪುಗಳ ಪಟ್ಟಿಯನ್ನೂ ಬರೆದೆ. ತಿನ್ನುವಾಗ ಮಾತಾಡುತ್ತಾಳೆ. ನಗುವಾಗ ಪಕ್ಕದವರಿಗೆ ಹೊಡೆಯುತ್ತಾಳೆ. ಪೆನ್ಸಿಲಿನ ಹಿಂಬದಿ ಕಚ್ಚುತ್ತಾಳೆ, ಅದೂ ನನ್ನ ಪೆನ್ಸಿಲು. ಇಷ್ಟು ಬರೆಯುವಷ್ಟರಲ್ಲಿ ನನಗೆ ಗೊಳೋ ಎಂದು ಅಳು ಬಂದು ಪಟ್ಟಿ ಒದ್ದೆಯಾಯಿತು.

ಗಿರಗಿಟ್ಲೆ ಮೊದಲು ತಮಾಷೆ ಎಂದುಕೊಂಡಳು. ಮಂಗಳವಾರ ಹಿಂದಿನಿಂದ ಬಂದು ನನ್ನ ಜಡೆ ಎಳೆದಳು. ನಾನು ತಿರುಗಲಿಲ್ಲ. ಬುಧವಾರ ಎಲ್ಲರೆದುರು ಕೇಳಿಯೇಬಿಟ್ಟಳು.

"ಏನೇ ಆಗಿದೆ ನಿಂಗೆ? ನಾನೇನೇ ಮಾಡಿದೆ?"

"ಏನಿಲ್ಲ. ನಂಗೆ ಕುದುರೆ ಬೇಡ. ಬೇರೆಯವರನ್ನ ಹಾಕ್ಕೋ."

ಅವಳು ಅವತ್ತು ಮಧ್ಯಾಹ್ನವೆಲ್ಲ ಅಲುಗಾಡದೆ ಕೂತಿದ್ದಳು. ಗಿರಗಿಟ್ಲೆ ನಿಂತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹಿಂದಿನ ಕಾಲಿಗೆ ನಮ್ಮ ತರಗತಿಯ ಉದ್ದಕಾಲಿಯನ್ನು ಹಾಕಿಕೊಂಡರು. ನೋವಾಗುವುದಿಲ್ಲ ಎಂಬ ನನ್ನ ಲೆಕ್ಕ ಪೂರ್ತಿ ತಪ್ಪಿತ್ತು. ಊಟ ಸೇರುತ್ತಿರಲಿಲ್ಲ. ಅಮ್ಮ ಹಣೆ ಮುಟ್ಟಿ ನೋಡಿದಳು, ಅಪ್ಪ ಪರೀಕ್ಷೆಯ ಭಯವಿರಬೇಕೆಂದ. ಅತ್ತೆ ಇಸ್ತ್ರಿ ಮಾಡುತ್ತಾ ಆಗಾಗ ನನ್ನ ಕಡೆ ನೋಡುತ್ತಿದ್ದಳು.

ಗುರುವಾರ ಸಂಜೆ ಅಂಗಡಿಗೆ ನಮ್ಮ ವಿಜ್ಞಾನದ ಮೇಷ್ಟ್ರು ಬಂದರು. ಪ್ರಯೋಗಾಲಯದಲ್ಲಿ ಸದಾ ಬಿಳಿ ಕೋಟು, ಮುಖದ ಮೇಲೆ ಸದಾ ಸಿಡುಕು. ನಾವು ಅವರಿಗೆ ಆಮ್ಲ ಮೇಷ್ಟ್ರು ಎಂದು ಹೆಸರಿಟ್ಟಿದ್ದೆವು. ನಾನು ಬಟ್ಟೆ ರಾಶಿಯ ಹಿಂದೆ ಕುಗ್ಗಿದೆ.

"ನನ್ನ ಕೋಟಿನ ಜೇಬಲ್ಲಿ ಒಂದು ಕಾಗದ ಇತ್ತಾಮ್ಮ?" ಎಂದು ಅತ್ತೆಯನ್ನು ಕೇಳಿದರು.

"ಇದ್ದಿದ್ರೆ ಡಬ್ಬೀಲಿರುತ್ತೆ ಮೇಷ್ಟ್ರೇ, ಎಲ್ಲಿಗೂ ಹೋಗಲ್ಲ" ಎಂದು ಅತ್ತೆ ಧೈರ್ಯವಾಗಿ ಡಬ್ಬಿ ತೆಗೆದಳು. ಪೊಟ್ಟಣಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟಳು. ಕೆಂಪು, ಹಳದಿ, ಮತ್ತೆ ಕೆಂಪು. ಮೇಷ್ಟ್ರ ಮನೆಯ ಕಪ್ಪು ದಾರದ್ದು ಇರಲಿಲ್ಲ. ಡಬ್ಬಿ ಬೋರಲು ಹಾಕಿ ತಟ್ಟಿದಳು, ಒಂದು ಗುಂಡಿ ಬಿತ್ತು.

"ಇಪ್ಪತ್ತು ವರ್ಷದಲ್ಲಿ ಹೀಗಾಗಿಲ್ಲ," ಎಂದಳು ಅತ್ತೆ. ಅವಳ ಮುಖ ಸಪ್ಪಗಾಗಿದ್ದನ್ನು ನನಗೆ ನೋಡಲಾಗಲಿಲ್ಲ.

"ಬಿಡೀಮ್ಮ, ನಾನೇ ಎಲ್ಲೋ ಬೀಳಿಸಿರ್ತೀನಿ. ಟ್ರಾನ್ಸ್‌ಫರ್ ಕಾಗದ ಅದು. ಮೇಲೆ ಶಾಯಿ ಚೆಲ್ಲಿತ್ತು, ಆದ್ರೂ ಕೆಳಗೆ ಸೀಲು ಸಹಿ ಇತ್ತು. ನಾಳೆ ಆಫೀಸಿಗೆ ಕೊಡಬೇಕು. ಇನ್ನೊಂದು ತರಿಸೋದು ಅಂದ್ರೆ ತಿಂಗಳಾಗುತ್ತೆ, ಅಷ್ಟರಲ್ಲಿ ಆ ಜಾಗ ಬೇರೆಯವರ ಪಾಲಾಗುತ್ತೆ." ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮಮ್ಮ ಹಾಸಿಗೆ ಹಿಡಿದು ಎರಡು ವರ್ಷ ಆಯ್ತು. ಅವಳ ಹತ್ರ ಇರೋಣ ಅಂತ ಕೇಳ್ಕೊಂಡಿದ್ದೆ."

ಶಾಯಿ. ಕೇಳಿಕೊಂಡಿದ್ದು. ಬಿಳಿ ಕೋಟು. ನನಗೆ ಆಗಲೇ ಹೊಳೆದದ್ದು. ಹೋಗುವುದು ಗಿರಗಿಟ್ಲೆಯಲ್ಲ! ಹೋದ ಜೀವ ಮರಳಿ ಬಂದಂತಾಗಿ, ನಾನು ಬಟ್ಟೆ ರಾಶಿಯ ಹಿಂದೆ ಕೂತವಳು ಗಟ್ಟಿಯಾಗಿ ನಕ್ಕುಬಿಟ್ಟೆ. ಎಷ್ಟು ತಡೆದರೂ ನಗು ನಿಲ್ಲಲಿಲ್ಲ. ಹಾಸಿಗೆ ಹಿಡಿದ ತಾಯಿಯ ಮಾತು ಮುಗಿದ ಮರುಗಳಿಗೆಯಲ್ಲಿ ಹೀಗೆ ನಕ್ಕವಳನ್ನು ಮೇಷ್ಟ್ರೂ ಅತ್ತೆಯೂ ಹೇಗೆ ನೋಡಿರಬೇಡ!

"ಅದರಲ್ಲಿ ನಗೋದೇನಿದೆ?" ಎಂದರು ಮೇಷ್ಟ್ರು.

"ಕಾಗದ ಇದೆ ಸಾರ್," ಎಂದೆ. ನಗು ಹೋಗಿ ಅಳು ಶುರುವಾಗಿತ್ತು. "ಕುದುರೆ ಕತ್ತಲ್ಲಿದೆ."

ಅತ್ತೆ ಕತ್ತರಿ ತೆಗೆದುಕೊಂಡಳು. ಮೂಲೆಯಲ್ಲಿ ನಿಂತಿದ್ದ ಕುದುರೆಯನ್ನು ಮೇಜಿನ ಮೇಲೆ ಮಲಗಿಸಿ, ತಾನೇ ಹಾಕಿದ ಹೊಲಿಗೆಯನ್ನು ತಾನೇ ಬಿಚ್ಚಿದಳು. ಮೇಷ್ಟ್ರು ಕುದುರೆಯ ತಲೆ ಹಿಡಿದುಕೊಂಡರು. ಪೇಪರುಗಳನ್ನು ಒಂದೊಂದಾಗಿ ಎಳೆದು ಹಾಕುತ್ತಾ ಹೋದಾಗ ಹದಿನಾಲ್ಕನೆಯದಾಗಿ ಅವರ ಕಾಗದ ಬಂತು. ಸುಕ್ಕಾಗಿತ್ತು. ಅತ್ತೆ ಅದರ ಮೇಲೆ ತೆಳು ಬಟ್ಟೆ ಹಾಸಿ, ಪೆಟ್ಟಿಗೆಯನ್ನು ಹದವಾಗಿ ಆಡಿಸಿ ನೆಟ್ಟಗೆ ಮಾಡಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

"ತಪ್ಪಾಯ್ತು ಮೇಷ್ಟ್ರೇ. ನನ್ನ ಅಂಗಡೀದು, ನನ್ನದೇ ತಪ್ಪು," ಎಂದಳು.

ಮೇಷ್ಟ್ರು ದೀರ್ಘವಾಗಿ ಉಸಿರು ಬಿಟ್ಟರು. ಆಮೇಲೆ ನನ್ನನ್ನು ನೋಡಿ, "ಸೋಮವಾರ ನಾನೇ ತರಗತೀಲಿ ಹೇಳ್ತೀನಿ. ಅಲ್ಲೀವರೆಗೆ ಯಾರಿಗೂ ಬೇಡ, ಆಯ್ತಾ?" ಎಂದರು. ಸಿಡುಕು ಒಂದಿಷ್ಟೂ ಇರಲಿಲ್ಲ. ಅವರಿಗಿಟ್ಟ ಹೆಸರು ನೆನಪಾಗಿ ನನಗೆ ನಾಚಿಕೆಯಾಯಿತು.

ಅವರು ಹೋದ ಮೇಲೆ ಅತ್ತೆ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದಳು. ಕೆಲಸದ ನಡುವೆ ಅವಳು ಹಾಗೆ ಆರಿಸಿದ್ದನ್ನು ನಾನು ನೋಡಿರಲಿಲ್ಲ. ನನಗೆ ಬೈಗುಳವೇ ಎಷ್ಟೋ ವಾಸಿ ಅನ್ನಿಸಿತು. ಬಿಕ್ಕುತ್ತಾ ಎಲ್ಲವನ್ನೂ ಹೇಳಿದೆ: ಟ್ಯೂಬ್‌ಲೈಟು, ದಾರ, ಟೂ, ಕೊಡೆ, ಪಟ್ಟಿ.

ಅತ್ತೆ ಸ್ಟೂಲಿನ ಮೇಲೆ ಕೂತಳು. "ಅಂಗಡಿ ಹೊಸದಾಗಿ ಹಾಕಿದಾಗ ಒಬ್ಬಳು ಗೆಳತಿ ಇದ್ದಳು ನಂಗೆ. ಅವಳ ಗಂಡನ ಜೇಬಲ್ಲಿ ಎರಡು ಸಿನಿಮಾ ಟಿಕೆಟ್ ಸಿಕ್ತು. ಎರಡು! ಇವಳಂತೂ ಸಿನಿಮಾಕ್ಕೆ ಹೋಗಿರಲಿಲ್ಲ. ಸರಿ, ಗೆಳತಿ ಅಲ್ವಾ, ಹೇಳಲೇಬೇಕು ಅಂತ ಓಡಿಹೋಗಿ ಹೇಳಿದೆ. ಮನೇಲಿ ಪಾತ್ರೆ ಪಗಡ ಎಲ್ಲ ಹಾರಾಡಿತಂತೆ."

"ಆಮೇಲೆ?"

"ಆಮೇಲೇನು? ಪಾಪ, ಆ ಮನುಷ್ಯ ತನ್ನ ತಾಯೀನ ಸಿನಿಮಾಕ್ಕೆ ಕರ್ಕೊಂಡು ಹೋಗಿದ್ದ. ಗಂಡ ಹೆಂಡತಿ ವಾರದಲ್ಲಿ ಒಂದಾದರು. ನನ್ನ ಜೊತೆ ಮಾತ್ರ ಅವಳು ಇವತ್ತಿಗೂ ಮಾತಾಡಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು." ಅತ್ತೆ ಡಬ್ಬಿಯ ಮುಚ್ಚಳ ಒತ್ತಿದಳು. "ಅವತ್ತು ಬಂದಿದ್ದು ಈ ಡಬ್ಬಿ. ನಾನು ಹೋಗಿ ತಪ್ಪಾಯ್ತು ಅನ್ನಲಿಲ್ಲ. ನಾಚಿಕೆ. ಇವತ್ತು ನಾಳೆ ಅಂತ ಇಪ್ಪತ್ತು ವರ್ಷ ಆಯ್ತು. ನೀನು ನಾಳೇನೇ ಹೋಗು."

"ಹೋಗಿ ಏನಂತ ಹೇಳಲಿ? ಮೇಷ್ಟ್ರ ವಿಷಯ ಹೇಳಬಾರದಲ್ಲ."

"ಅವರದು ಬೇಡ. ನಿನ್ನದು ಹೇಳು."

ಶುಕ್ರವಾರ ಬೆಳಿಗ್ಗೆ ಮೂಲೆಯಲ್ಲಿ ಅರ್ಧ ಗಂಟೆ ಮೊದಲೇ ನಿಂತೆ. ಗಿರಗಿಟ್ಲೆ ಬಂದಳು, ಕೊಡೆ ಹಿಡಿದುಕೊಂಡು. ಬಿಸಿಲೂ ಇಲ್ಲ, ಮಳೆಯೂ ಇಲ್ಲ, ನನ್ನ ಹೊಟ್ಟೆ ಉರಿಸಲೆಂದೇ ಬಿಚ್ಚಿ ಹಿಡಿದಿದ್ದಳು.

"ನಿಮ್ಮಮ್ಮಂಗೆ ಟ್ರಾನ್ಸ್‌ಫರ್ ಆಗಿದೆ ಅಂದ್ಕೊಂಡಿದ್ದೆ," ಎಂದೆ. "ನೀನು ಹೋಗ್ತೀಯ ಅಂತ. ಅದಕ್ಕೇ ನಾನೇ ಮೊದಲು ಟೂ ಬಿಟ್ಟೆ. ಹಾಗೆ ಅಂದ್ಕೊಂಡಿದ್ದು ತಪ್ಪು. ಹೇಗೆ ಗೊತ್ತಾಯ್ತು ಅಂತ ಮಾತ್ರ ಕೇಳಬೇಡ, ಅದು ಅಂಗಡಿ ವಿಷಯ."

ಅವಳು ಕೊಡೆ ಮುಚ್ಚಿದಳು. "ನಾನು ಹೋಗ್ತೀನಿ ಅಂತ ಟೂ ಬಿಟ್ಟೆಯಾ?"

"ಹೂಂ."

"ಪೆದ್ದೀ! ಹೋಗೋರ ಜೊತೆ ಇನ್ನೂ ಜಾಸ್ತಿ ಇರಬೇಕಲ್ವೇನೇ? ಇದ್ದ ದಿನಾನೂ ಹಾಳು ಮಾಡಿದೆಯಲ್ಲ!" ಅವಳ ಕಣ್ಣುಗಳು ತುಂಬಿದ್ದವು. "ನಾಲ್ಕು ದಿನ ನಾನು ಏನು ತಪ್ಪು ಮಾಡಿದೆ ಅಂತ ಯೋಚನೆ ಮಾಡಿ ಮಾಡಿ ಸಾಕಾಯ್ತು. ಒಂದೂ ಸಿಗಲಿಲ್ಲ."

ನನ್ನ ಹತ್ತಿರ ಪಟ್ಟಿಯೇ ಇತ್ತು. ಜೀವನದಲ್ಲಿ ಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡೆ.

"ನಾಲ್ಕು ದಿನ ನೀನು ಮಾತಾಡಿಲ್ಲ. ಇನ್ನು ನಾನು ನಾಲ್ಕು ದಿನ ಮಾತಾಡಲ್ಲ. ಲೆಕ್ಕ ಸರಿಹೋಗಲಿ," ಎಂದು ಹೇಳಿ ಅವಳು ಮುಂದೆ ನಡೆದಳು. ಮೊಂಡಿ ಎಂಬ ಹೆಸರು ಅವಳಿಗೂ ಒಪ್ಪುತ್ತಿತ್ತು. ಆದರೆ ಹತ್ತು ಹೆಜ್ಜೆ ಹೋಗಿ ತಿರುಗಿ, ನಾನು ಬರುತ್ತಿದ್ದೇನೋ ಇಲ್ಲವೋ ಎಂದು ನೋಡಿದಳು. ನನಗೆ ಅಷ್ಟು ಸಾಕಾಗಿತ್ತು.

ಶನಿವಾರ ನಾಟಕದ ದಿನ ಪರದೆಯ ಪಕ್ಕದಲ್ಲಿ ಕುದುರೆಯ ಅವಸ್ಥೆ ನೋಡಿ ಎಲ್ಲರೂ ತಲೆ ಮೇಲೆ ಕೈ ಹೊತ್ತರು. ಉದ್ದಕಾಲಿ ಹಿಂದೆ ನಿಂತಿದ್ದರಿಂದ ಹಿಂಭಾಗ ಮೇಲೆದ್ದು, ತಲೆ ನೆಲ ನೋಡುತ್ತಿತ್ತು. ಏರಿ ಕೂತ ಹಾಗೆ ನಟಿಸಬೇಕಾಗಿದ್ದ ರಾಜ ಮುಂದಕ್ಕೆ ಜಾರುತ್ತಿದ್ದ. ಮುಂದಿನ ಕಾಲುಗಳು ಎಡಕ್ಕೆ ಹೋದರೆ ಹಿಂದಿನವು ಬಲಕ್ಕೆ. ಒಳಗಿನಿಂದ ಗಿರಗಿಟ್ಲೆಯ ದನಿ ಕೇಳಿಸಿತು.

"ಮೊಂಡೀ! ಎಲ್ಲಿದೀಯೇ? ಒಳಗೆ ನುಗ್ಗು!"

ಉದ್ದಕಾಲಿ ಬದುಕಿದೆಯಾ ಬಡಜೀವವೇ ಎಂದು ಹೊರಗೆ ಬಂದಳು, ನಾನು ಒಳಗೆ ನುಗ್ಗಿದೆ. ಕಂಬಳಿಯೊಳಗೆ ಸೆಕೆ, ಉಣ್ಣೆಯ ನಾತ. ನಾನು ಬಗ್ಗಿ ಅವಳ ಸೊಂಟ ಹಿಡಿದುಕೊಂಡೆ.

"ಇದು ಮಾತಾಡಿದ ಹಾಗೆ ಲೆಕ್ಕ ಅಲ್ಲ," ಎಂದಳು ಅವಳು.

"ಅಲ್ಲ," ಎಂದೆ.

"ಎಡ, ಬಲ, ಎಡ. ಗೊತ್ತಲ್ಲ?"

"ಗೊತ್ತು."

"ಇನ್ನೊಂದು ಸಲ ಹೀಗೆ ಮಾಡಿದ್ರೆ ನಿಜವಾಗ್ಲೂ ಟ್ರಾನ್ಸ್‌ಫರ್ ತಗೊಂಡು ಹೋಗ್ತೀನಿ."

ಗುರುವಾರ ಅವಸರದಲ್ಲಿ ಮತ್ತೆ ತುಂಬಿ ಹೊಲಿದ ಕತ್ತು ನೆಟ್ಟಗೆ ನಿಲ್ಲದೆ ಒಂದು ಕಡೆಗೆ ವಾಲಿತ್ತು. ಹಾಗಾಗಿ ನಾಟಕದುದ್ದಕ್ಕೂ ಕುದುರೆ ಹಿಂದಕ್ಕೆ ತಿರುಗಿ ತನ್ನ ಹಿಂಗಾಲುಗಳು ಬರುತ್ತಿವೆಯೇ ಎಂದು ನೋಡುತ್ತಲೇ ಇತ್ತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಳಗೆ ನಾವೂ ನಕ್ಕೆವು. ನಗುವಾಗ ಗಿರಗಿಟ್ಲೆ ಅಭ್ಯಾಸಬಲದಿಂದ ಹಿಂದಕ್ಕೆ ಕೈ ಬೀಸಿ ನನ್ನ ಮೂಗಿಗೇ ಹೊಡೆದಳು. ಎಷ್ಟು ಹಾಯೆನಿಸಿತೆಂದರೆ, ಇನ್ನೊಂದು ಹೊಡೆದರೂ ಸಹಿಸುತ್ತಿದ್ದೆ.

ಸೋಮವಾರ ಮೇಷ್ಟ್ರು ತರಗತಿಯಲ್ಲಿ ತಮ್ಮ ವರ್ಗಾವಣೆಯ ಸುದ್ದಿ ಹೇಳಿದಾಗ ಗಿರಗಿಟ್ಲೆ ನಿಧಾನಕ್ಕೆ ತಿರುಗಿ ನನ್ನನ್ನು ನೋಡಿದಳು. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಆದರೆ ಅವತ್ತೇ ಬೆಂಚು ಬದಲಾಯಿಸಿ ವಾಪಸ್ ಬಂದೆ. ಮುಂದಿನ ವಾರ ಅತ್ತೆ ಅಂಗಡಿಗೆ ಒಂದು ಗಂಟೆ ಬೀಗ ಹಾಕಿ ಎಲ್ಲಿಗೋ ಹೋಗಿ ಬಂದಳು. ಬರುವಾಗ ಕಂಕುಳಲ್ಲಿ ನಾನು ಹಿಂದೆಂದೂ ನೋಡದ ಅಂಗಿಗಳ ಗಂಟಿತ್ತು. ಯಾರದು ಎಂದರೆ, "ಸಿನಿಮಾ ಟಿಕೆಟ್ಟಿನವರದು" ಎಂದಳು. ಆ ಮನೆಗೆ ನೇರಳೆ ದಾರ ಹುಡುಕುತ್ತಾ ಅವಳು ಬಹಳ ಹೊತ್ತು ಮೂಗಿನಲ್ಲೇ ಏನೋ ಹಾಡಿಕೊಳ್ಳುತ್ತಿದ್ದಳು.

ಆ ವಾರದ ಭಾನುವಾರ ಬಟ್ಟೆ ವಿಂಗಡಿಸುವಾಗ ಗಿರಗಿಟ್ಲೆಯ ಹೊಸ ಯೂನಿಫಾರ್ಮ್ ಸ್ಕರ್ಟ್ ಕೈಗೆ ಬಂತು. ಈ ಸಲ ಬಾಗಿಲಿಗೇ ಒಯ್ದು, ಹಗಲು ಬೆಳಕಿಗೆ ಹಿಡಿದು ಸೊಂಟಪಟ್ಟಿ ಮಗುಚಿ ನೋಡಿದೆ. ನೀಲಿಯೂ ಇಲ್ಲ, ಕಪ್ಪೂ ಇಲ್ಲ.

"ಅತ್ತೆ, ಇದಕ್ಕೆ ದಾರ ಹಾಕೋದು ಮರ್ತಿದೀಯ."

"ಮರೆತಿಲ್ಲ," ಎಂದಳು ಅತ್ತೆ, ತಲೆ ಎತ್ತದೆ. "ದಾರ ಹೊರಗಿನವರ ಬಟ್ಟೆಗೆ."

ಸ್ಕರ್ಟನ್ನು ಮಡಚಿ ನಮ್ಮ ಮನೆಯ ಬಟ್ಟೆಗಳ ಮೇಲಿಟ್ಟೆ. ಹಾಗಾಗಿ ಸೋಮವಾರ ಬೆಳಗಿನ ಅವಸರದಲ್ಲಿ ನಾನು ಅವಳ ಸ್ಕರ್ಟ್ ಹಾಕಿಕೊಂಡು ಶಾಲೆಗೆ ಹೋದೆ, ಅವಳು ಹಳೆಯದರಲ್ಲಿ ಬಂದು ದಿನವಿಡೀ ನನ್ನನ್ನು ಬೈದಳು. ಸೊಂಟದಲ್ಲಿ ಎರಡು ಬೆರಳು ಸಡಿಲವಿತ್ತು, ಪಿನ್ ಹಾಕಿಕೊಂಡೆ.